ಸರೋವರದ ಒಂದು ಗಳಿಗೆ

31 ವರ್ಷಗಳ ಕಾಲ ಪ್ರೌಢಶಾಲೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ನ್ಯೂಜಿಲೆಂಡಿನ ನಕ್ಷೆಯನ್ನು ಬರೆದು, ಇದು ಉತ್ತರದ್ವೀಪ, ಇದು ದಕ್ಷಿಣದ್ವೀಪ, ನಡುವೆ ಕುಕ್ ಜಲಸಂಧಿ, ಇತ್ತ ಕ್ಯಾಂಟರ್ಬರಿಯ ಬಯಲು, ಅಲ್ಲಿ ಕುರಿ ಮತ್ತು ಉಣ್ಣೆ ಎಂದು ಹೇಳಿ, ಗಂಟೆ ಬಾರಿಸಿದೊಡನೆ ಎಲ್ಲವನ್ನೂ ಅಳಿಸಿ ಹೊರಬರುತ್ತಿದ್ದ ನನಗೆ, ಆ ನಕ್ಷೆಯ ತಳಭಾಗದಲ್ಲಿ ಉಗುರಿನಿಂದ ಗೀರಿದಂತೆ ಕಾಣುವ ಒಂದು ಸರೋವರದ ದಡದಲ್ಲಿ ಕುಳಿತುಕೊಳ್ಳುವ ಪ್ರಸಂಗ ಎಂದಾದರೂ ಒದಗೀತೆಂಬ ಎಣಿಕೆ ಇರಲಿಲ್ಲ. ಕಳೆದ ಶ್ರಾವಣದಲ್ಲಿ, ಕ್ರೈಸ್ಟ್‌ಚರ್ಚಿನಲ್ಲಿ ನೆಲೆಸಿರುವ ಮಗಳು ದೂರವಾಣಿಯಲ್ಲಿ, “ಅಪ್ಪ, ಈ ಸಲ ನೀವಿಬ್ಬರೂ ಬಂದಾಗ ಕ್ವೀನ್ಸ್‌ಟೌನಿಗೆ ಹೋಗೋಣ, ನಾಲ್ಕು ದಿನ ರಜೆ ಹಾಕಿಟ್ಟುಕೊಂಡಿದ್ದೇವೆ” ಎಂದಳು. ಅಂದಿನಿಂದ ಮೈಸೂರಿನ ನಮ್ಮ ಮನೆಯ ಊಟದ ಮೇಜಿನ ಒಂದು ಮಗ್ಗುಲು ಊಟಕ್ಕೆ ಸಲ್ಲದಾಗಿದೆ. ಅಲ್ಲಿ ಬೆನ್ನು ಬಿಟ್ಟ ಹಳೆಯ ಅಟ್ಲಾಸೊಂದು ಸದಾ ಬಿಚ್ಚಿಕೊಂಡೇ ಇರುತ್ತದೆ. ಅದರ ಮೇಲೆ, ಹೋದ ವರ್ಷದ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ನಾನು ಗೆರೆ ಎಳೆದು ಸಿದ್ಧಪಡಿಸಿದ ದಿನಚರಿಯ ಪಟ್ಟಿ. ಪಟ್ಟಿ ಹಾರಿಹೋಗದಂತೆ ಅದರ ಮೇಲೆ ಉಪ್ಪಿನಕಾಯಿಯ ಜಾಡಿ.

ನಮ್ಮ ಅಜ್ಜ ಕಾಶಿಗೆ ಹೊರಟಾಗಿನ ಸಿದ್ಧತೆಯನ್ನು ಅಜ್ಜಿ ವರ್ಣಿಸುತ್ತಿದ್ದುದುಂಟು. ಪಂಚಾಂಗ ನೋಡಿ ಒಳ್ಳೆಯ ದಿನವನ್ನು ಗೊತ್ತುಮಾಡಿ, ಆ ದಿನ ಹೊರಡಲಾಗದೆಂದು ಕಂಡುಬಂದಾಗ ಒಂದು ಪಂಚೆ, ಒಂದು ಹಿಡಿ ಅಕ್ಕಿ, ಒಂದು ಅರಿಶಿನದ ಕೊಂಬು ಇವನ್ನು ಗಂಟುಕಟ್ಟಿ ಪಕ್ಕದ ಬೀದಿಯ ನೆಂಟರ ಮನೆಯಲ್ಲಿ ಪ್ರಸ್ಥಾನವಿಟ್ಟು ಬಂದರಂತೆ. ಗಂಟು ಹೊರಟಿತೆಂದರೆ ಯಜಮಾನರೂ ಹೊರಟಂತೆಯೇ. ಅಲ್ಲಿಗೆ ಯೋಜನೆ ಮುಗಿಯಿತು, ಉಳಿದುದು ವಿಶ್ವೇಶ್ವರನ ಚಿತ್ತ. ನನ್ನ ಮೊಮ್ಮಗನ ಪದ್ಧತಿ ಬೇರೆ. 19 ವರ್ಷದ ಆ ಹುಡುಗ ತಾನೇ ಸಿದ್ಧಪಡಿಸಿ ಕಳುಹಿಸಿದ ಪಟ್ಟಿಯಲ್ಲಿ ನಾಲ್ಕು ದಿನಗಳೂ ಅರ್ಧ ಅರ್ಧ ಗಂಟೆಯ ತುಂಡುಗಳಾಗಿ ಕತ್ತರಿಸಲ್ಪಟ್ಟಿದ್ದವು: ಒಂಬತ್ತಕ್ಕೆ ಧುಮುಕುವುದು, ಹನ್ನೊಂದಕ್ಕೆ ದೋಣಿಯಲ್ಲಿ ಗಿರಗಿರನೆ ಸುತ್ತುವುದು, ಎರಡಕ್ಕೆ ಬೆಟ್ಟದ ನೆತ್ತಿಯಿಂದ ರೆಕ್ಕೆ ಕಟ್ಟಿಕೊಂಡು ತೇಲುವುದು, ನಾಲ್ಕಕ್ಕೆ ಗಾಲಿಬಂಡಿಯಲ್ಲಿ ಇಳಿಜಾರಿನಲ್ಲಿ ಜಾರುವುದು. ಒಂದು ಊರಿಗೆ ಹೋಗಿ, ಆ ಊರಿನ ನೆಲದ ಮೇಲೆ ಎರಡು ಪಾದಗಳನ್ನೂ ಒಟ್ಟಿಗೆ ಊರಿ ನಿಲ್ಲುವ ಅವಕಾಶ ಅದರಲ್ಲಿ ಎಲ್ಲಿಯೂ ನನಗೆ ಕಾಣಿಸಲಿಲ್ಲ.

ಊರಿನ ಸ್ಥಿತಿಯೇ ವಿಲಕ್ಷಣವಾದುದು. ಆಲ್ಪ್ಸ್ ಎಂಬ ಹೆಸರು ಕೇಳಿದೊಡನೆ ಮುಗಿಲಿಗೆ ಅಂಟಿಕೊಂಡ ಊರನ್ನು ಕಲ್ಪಿಸಿಕೊಳ್ಳುವವರಿಗೆ, ದಕ್ಷಿಣದ ಆಲ್ಪ್ಸ್ ಪರ್ವತಗಳ ಮಡಿಲಿನ ಕ್ವೀನ್ಸ್‌ಟೌನು ಸಮುದ್ರಮಟ್ಟದಿಂದ ಸುಮಾರು 310 ಮೀಟರ್ ಎತ್ತರದ ವಕಾಟಿಪು ಸರೋವರದ ಅಂಚಿನಲ್ಲಿದೆ, ಎಂದರೆ ನಮ್ಮ ಮೈಸೂರಿನ ಅರ್ಧದಷ್ಟು ಎತ್ತರವೂ ಅದಕ್ಕಿಲ್ಲ, ಎಂಬುದು ಬೆರಗಿನ ಸಂಗತಿ. ಇದನ್ನು ಕೇಳಿದ ನನ್ನ ಹೆಂಡತಿ, “ಹಾಗಾದ್ರೆ ಇಷ್ಟೊಂದು ಸ್ವೆಟರು ಯಾಕ್ರೀ?” ಎಂದಳು. ಮೇಷ್ಟರಿಗೆ ಇಂಥ ಪ್ರಶ್ನೆ ಬಂದರೆ ಹಬ್ಬವೇ ಸರಿ. ಚಳಿಯನ್ನು ಎತ್ತರವೊಂದೇ ನಿರ್ಣಯಿಸುವುದಿಲ್ಲವೆಂದೂ, ಆ ಊರು ದಕ್ಷಿಣದ 45ನೆಯ ಅಕ್ಷಾಂಶದಲ್ಲಿ, ಭೂಮಧ್ಯರೇಖೆಗೂ ಧ್ರುವಕ್ಕೂ ನಟ್ಟನಡುವೆ ಇದೆಯೆಂದೂ, ಎದುರಿಗೆ ರಿಮಾರ್ಕಬಲ್ಸ್ ಎಂಬ ಪರ್ವತಶ್ರೇಣಿ 2,300 ಮೀಟರಿಗೂ ಮಿಗಿಲಾಗಿ ಗರಗಸದ ಹಲ್ಲಿನಂತೆ ಎದ್ದು ನಿಂತಿದೆಯೆಂದೂ ಅವಳಿಗೆ ವಿಸ್ತಾರವಾಗಿ ಹೇಳಿದೆ. ಅವಳು ಕೇಳಿಕೊಳ್ಳುತ್ತಲೇ ನಾಲ್ಕನೆಯ ಸ್ವೆಟರನ್ನು ಮಡಚಿ ಒಳಗಿಟ್ಟಳು.

ಸರೋವರವನ್ನು ಕಡೆದುದು ಹಿಮನದಿ. ಪುರಾತನ ಹಿಮಯುಗಗಳಲ್ಲಿ ಬೆಟ್ಟಗಳ ನಡುವೆ ತೆವಳಿ ಬಂದ ಹಿಮದ ಮಹಾಕಾಯವು ಬಂಡೆಯನ್ನು ಉಜ್ಜಿ ಉಜ್ಜಿ ತೋಡಿದ ಆ ಕಣಿವೆ ಸುಮಾರು 80 ಕಿಲೋಮೀಟರ್ ಉದ್ದವಾಗಿ, ಎರಡು ಕಡೆ ಮುರಿದು ತಿರುಗಿ, ಮಿಂಚಿನ ಗೆರೆಯಂತೆ ಬಿದ್ದುಕೊಂಡಿದೆ. ಆಳವೋ ಸುಮಾರು 380 ಮೀಟರ್. ಎತ್ತರ 310, ಆಳ 380 ಎಂದಮೇಲೆ ಸರೋವರದ ತಳವು ಸಮುದ್ರಮಟ್ಟಕ್ಕಿಂತಲೂ ಕೆಳಗೆ ಇಳಿದಿದೆ ಎಂಬ ಲೆಕ್ಕವನ್ನು ಯಾವ ವಿದ್ಯಾರ್ಥಿಯಾದರೂ ಮಾಡಿಯಾನು. ಮಾವೊರಿ ಜನರು ಇದೇ ಆಕಾರಕ್ಕೆ ಬೇರೆ ಕಾರಣ ಹೇಳುತ್ತಾರೆ. ಮಟಾವು ಎಂಬ ದೈತ್ಯನು ಕುಲನಾಯಕನೊಬ್ಬನ ಮಗಳಾದ ಮನಾಟಳನ್ನು ಹೊತ್ತೊಯ್ದು ಪರ್ವತಗಳ ನಡುವೆ ಸೆರೆಯಿಟ್ಟನಂತೆ. ಅವಳನ್ನು ಒಲಿದಿದ್ದ ಮಟಕೌರಿ ಎಂಬ ತರುಣ, ವಾಯವ್ಯದ ಬಿಸಿಗಾಳಿ ಬೀಸುವಾಗ ದೈತ್ಯನಿಗೆ ಗಾಢನಿದ್ರೆ ಹತ್ತುವುದೆಂಬುದನ್ನು ಅರಿತು ಅವಳನ್ನು ಬಿಡಿಸಿ ತಂದನು. ಬಳಿಕ ಮತ್ತೊಮ್ಮೆ ಅಂಥ ಗಾಳಿ ಎದ್ದಾಗ, ಮಂಡಿ ಮಡಚಿ ಮಗ್ಗುಲಾಗಿ ಮಲಗಿದ್ದ ದೈತ್ಯನಿಗೆ ಬೆಂಕಿಯಿಟ್ಟನು. ಮಹಾಕಾಯ ಉರಿದು ನೆಲ ಕುಸಿಯಿತು. ಬೆಟ್ಟಗಳ ಹಿಮ ಕರಗಿ ಹರಿದು ಆ ಕುಳಿಯನ್ನು ತುಂಬಿತು. ತಲೆ ಉತ್ತರದ ಗ್ಲೆನಾರ್ಕಿಯ ಕಡೆಗೆ, ಮಂಡಿ ಕ್ವೀನ್ಸ್‌ಟೌನಿನ ಬಳಿಯಲ್ಲಿ, ಪಾದಗಳು ದಕ್ಷಿಣದ ಕಿಂಗ್‌ಸ್ಟನ್ನಿನಲ್ಲಿ. ಮಲಗಿದವನನ್ನು ಕೊಲ್ಲುವುದು ನಮ್ಮ ಸೌಪ್ತಿಕಪರ್ವದಲ್ಲಿ ಯುಗಯುಗಗಳ ಶಾಪಕ್ಕೆ ಕಾರಣವಾಯಿತು, ಅಲ್ಲಿ ಅದು ಮದುವೆಗೆ ದಾರಿಯಾಯಿತು. ಒಂದೊಂದು ನಾಡಿನ ಧರ್ಮಸೂಕ್ಷ್ಮ ಒಂದೊಂದು ಬಗೆ.

ಸುಡದೆ ಉಳಿದುದು ದೈತ್ಯನ ಹೃದಯವೊಂದೇ. ಅದು ಇಂದಿಗೂ ನೀರಿನ ತಳದಲ್ಲಿ ಮಿಡಿಯುತ್ತಿದೆಯಂತೆ; ಆ ಮಿಡಿತಕ್ಕೆ ಸರೋವರದ ನೀರು ದಡದಲ್ಲಿ ಏರುತ್ತದೆ, ಇಳಿಯುತ್ತದೆ. ಈ ಏರಿಳಿತವು ಕಟ್ಟುಕಥೆಯಲ್ಲ, ಕಣ್ಣಿಗೆ ಕಾಣುವ ಸಂಗತಿ. ಕ್ವೀನ್ಸ್‌ಟೌನಿನ ಕೊಲ್ಲಿಯಲ್ಲಿ ನೀರು ಸುಮಾರು ಅರ್ಧ ಗೇಣಿನಷ್ಟು ಮೇಲೇರಿ ಮತ್ತೆ ಕೆಳಗಿಳಿಯುವುದಕ್ಕೆ ಸುಮಾರು 25 ನಿಮಿಷ ಹಿಡಿಯುತ್ತದೆ. ತುಂಬಿದ ಪರಾತವನ್ನು ಬಚ್ಚಲಿನಿಂದ ಅಂಗಳಕ್ಕೆ ಎತ್ತಿಕೊಂಡು ಹೋದವರಿಗೆ ಇದರ ರಹಸ್ಯ ಗೊತ್ತೇ ಇದೆ: ಒಮ್ಮೆ ತುಸು ವಾಲಿದರೆ ಸಾಕು, ನೀರು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತೂಗುತ್ತಲೇ ಇರುತ್ತದೆ, ನಿಲ್ಲಿಸಿದಷ್ಟೂ ಸೆರಗಿನ ಮೇಲೆ ಚೆಲ್ಲುತ್ತದೆ. ಗಾಳಿಯ ಒತ್ತಡವೂ ವಾಯುಭಾರದ ವ್ಯತ್ಯಾಸವೂ ಸರೋವರವೆಂಬ ಪರಾತವನ್ನು ಹಾಗೆ ವಾಲಿಸುತ್ತವೆ. ಅದರ ಉದ್ದಕ್ಕೂ ಆಳಕ್ಕೂ ಬಾಗಿಗೂ ತಕ್ಕಂತೆ ತೂಗಾಟದ ಅವಧಿ ನಿರ್ಧಾರವಾಗುತ್ತದೆ.

ಈ 25 ನಿಮಿಷವನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಹತ್ತಲಿಲ್ಲ. ನಮ್ಮ ಹಿರಿಯರ ಒಂದು ಗಳಿಗೆಗೆ 24 ನಿಮಿಷ. ಅಹೋರಾತ್ರಿಯನ್ನು 60 ಗಳಿಗೆಗಳಾಗಿ ಎಣಿಸಿ, ಮದುವೆಯ ಲಗ್ನಕ್ಕೂ ಮಗುವಿನ ಜಾತಕಕ್ಕೂ ಅದನ್ನೇ ಅಳತೆಗೋಲಾಗಿ ಹಿಡಿದವರು ನಾವು. ಆ ದೂರದ ದ್ವೀಪದಲ್ಲಿ ಒಂದು ಮಹಾಜಲರಾಶಿಯು, ಯಾರ ಪಂಚಾಂಗವನ್ನೂ ನೋಡದೆ, ಹೆಚ್ಚುಕಡಿಮೆ ಒಂದು ಗಳಿಗೆಗೆ ಒಂದು ಉಸಿರಿನಂತೆ ಉಸಿರಾಡುತ್ತಿದೆ! ಇದು ಕೇವಲ ಕಾಕತಾಳೀಯವೆಂಬುದನ್ನು ಬಲ್ಲೆ. ಆದರೂ ಬೆಳಗ್ಗೆ ಎದ್ದವನೇ ಮೊಮ್ಮಗನ ಪಟ್ಟಿಯನ್ನು ಎಳೆದುಕೊಂಡು, ಅದರಲ್ಲಿ ನನ್ನದೊಂದು ಗಳಿಗೆಯನ್ನು ಎಲ್ಲಿ ಸೇರಿಸಲಿ ಎಂದು ಹುಡುಕತೊಡಗಿದೆ. ಆ ಹುಡುಕಾಟಕ್ಕೆ ಮೂರು ತಿಂಗಳು ಹಿಡಿಯಿತು.

ಮೊದಲ ಅಡ್ಡಿ ಧುಮುಕುವ ಕಾರ್ಯಕ್ರಮದ್ದು. ಕ್ರೈಸ್ಟ್‌ಚರ್ಚಿನಿಂದ ಟೆಕಪೊ ಸರೋವರ, ಲಿಂಡಿಸ್ ಕಣಿವೆದಾರಿ, ಕ್ರಾಮ್ವೆಲ್ ಮೂಲಕ ಸುಮಾರು 480 ಕಿಲೋಮೀಟರ್ ಕ್ರಮಿಸಿ ಕ್ವೀನ್ಸ್‌ಟೌನನ್ನು ಸಮೀಪಿಸುವಾಗ ಕವರಾವ್ ನದಿಯ ಕಮರಿ ಎದುರಾಗುತ್ತದೆ. ಚಿನ್ನದ ಹೊಲಗಳಿಗೆ ದಾರಿಮಾಡಿಕೊಡಲೆಂದು 1880ರಲ್ಲಿ ಅಲ್ಲಿ ಕಟ್ಟಿದ ತೂಗುಸೇತುವೆಯ ಮೇಲಿಂದ, ಎ. ಜೆ. ಹ್ಯಾಕೆಟ್ ಮತ್ತು ಹೆನ್ರಿ ವ್ಯಾನ್ ಆಶ್ ಎಂಬ ಇಬ್ಬರು 1988ರ ನವೆಂಬರ್ 12ರಂದು ಜನರನ್ನು ಹಣ ಪಡೆದು ಕೆಳಕ್ಕೆ ಬಿಡಲಾರಂಭಿಸಿದರು. ಬಂಜಿ ಎಂಬ ಈ ಕ್ರೀಡೆಯ ಮೊದಲ ಕಾಯಂ ಅಂಗಡಿ ಅದೇ. ಕಾಲಿಗೆ ರಬ್ಬರಿನ ಹುರಿ ಕಟ್ಟಿಕೊಂಡು 43 ಮೀಟರ್ ಕೆಳಗಿನ ನದಿಗೆ ತಲೆಕೆಳಗಾಗಿ ಹಾರಲು ಮೊದಲ ದಿನವೇ 28 ಮಂದಿ ತಲಾ 75 ಡಾಲರ್ ತೆತ್ತರು. ವನುವಾಟುವಿನ ಪೆಂಟಕಾಸ್ಟ್ ದ್ವೀಪದಲ್ಲಿ ಗಂಡಸರು ಕಾಲಿಗೆ ಬಳ್ಳಿ ಬಿಗಿದುಕೊಂಡು ಮರದ ಗೋಪುರದಿಂದ ನೆಲಕ್ಕೆ ಹಾರುವ ಪುರಾತನ ವಿಧಿಯೊಂದುಂಟು. ಗೆಣಸಿನ ಬೆಳೆ ಚೆನ್ನಾಗಿ ಬರಲೆಂಬ ಹಾರೈಕೆ ಅದಕ್ಕೆ ಸೇರಿದೆ. ಆ ವಿಧಿಯಿಂದಲೇ ಇದಕ್ಕೆ ಪ್ರೇರಣೆ ಬಂದುದು. ಬೆಳೆಯ ಹಾರೈಕೆ ಮಾತ್ರ ದಾರಿಯಲ್ಲಿ ಉದುರಿಹೋಯಿತು.

“ಕಾಲಿಗೆ ಹಗ್ಗ ಕಟ್ಟಿ ತಲೆಕೆಳಗೆ ಬಿಡೋದಕ್ಕೆ ನಾವೇ ದುಡ್ಡು ಕೊಡಬೇಕೇನೋ?” ಎಂದು ನನ್ನ ಹೆಂಡತಿ ಪರದೆಯ ಮೇಲಿದ್ದ ಮೊಮ್ಮಗನನ್ನು ಕೇಳಿದಳು. ಅವನು ತನ್ನ ಎಡರುಬಡರಿನ ಕನ್ನಡದಲ್ಲಿ, “ಅಜ್ಜಿ, ನೀವೂ ಬನ್ನಿ. ಅಲ್ಲಿ ತೂಕ ನೋಡಿ ಕೈ ಮೇಲೆ ಬರೀತಾರೆ, ಏನೂ ಆಗಲ್ಲ” ಎಂದು ಧೈರ್ಯ ಹೇಳಿದ. ತೂಕವನ್ನು ಕೈಯ ಮೇಲೆ ಬರೆಯುತ್ತಾರೆಂಬುದೇ ಅವಳ ನಿರಾಕರಣೆಗೆ ಮುಖ್ಯ ಕಾರಣವಾಯಿತೆಂದು ನನ್ನ ಊಹೆ.

ನನಗಾದರೋ ಹಾಗೆ ತಲೆಕೆಳಗಾಗಿ ತೂಗುವವರ ಚಿತ್ರ ನೋಡಿದಾಗಲೆಲ್ಲ ನೆನಪಾಗುವವನು ತ್ರಿಶಂಕು. ಸಶರೀರನಾಗಿ ಸ್ವರ್ಗಕ್ಕೆ ಹೋಗಬೇಕೆಂಬ ಛಲದಿಂದ ವಿಶ್ವಾಮಿತ್ರನ ತಪೋಬಲದ ಮೇಲೆ ಏರಿಹೋಗಿ, ಇಂದ್ರನಿಂದ ನೂಕಲ್ಪಟ್ಟು, ತಲೆಕೆಳಗಾಗಿ ಬೀಳುತ್ತ ಕೂಗಿಕೊಂಡ ಆ ಅರಸನನ್ನು ಮುನಿಯು ನಡುವಿನಲ್ಲೇ ತಡೆದು ನಿಲ್ಲಿಸಿ, ದಕ್ಷಿಣದಿಕ್ಕಿನಲ್ಲಿ ಹೊಸ ನಕ್ಷತ್ರಗಳ ನಡುವೆ ನೆಲೆಗೊಳಿಸಿದನಷ್ಟೆ. ಕವರಾವ್ ಸೇತುವೆಯ ಕೆಳಗೆ ತೂಗಾಡುವವರಿಗೆ ತಪಸ್ಸಿನ ಬದಲು ರಬ್ಬರು, ಮಿಕ್ಕುದೆಲ್ಲ ಅದೇ. ನಮ್ಮವರು ತ್ರಿಶಂಕುವೆಂದು ಗುರುತಿಸುವ ನಕ್ಷತ್ರಪುಂಜವನ್ನು ಅಲ್ಲಿಯವರು ದಕ್ಷಿಣದ ಶಿಲುಬೆ ಎಂದು ಕರೆದು ತಮ್ಮ ರಾಷ್ಟ್ರಧ್ವಜದಲ್ಲಿಯೇ ಇರಿಸಿಕೊಂಡಿದ್ದಾರೆ. ಚೈತ್ರ ವೈಶಾಖಗಳ ರಾತ್ರಿ ನಮ್ಮ ತಾರಸಿಯಿಂದ ನೋಡಿದರೆ ತ್ರಿಶಂಕು ದಕ್ಷಿಣದ ತೆಂಗಿನಗರಿಗಳ ಮೇಲೆ ಸ್ವಲ್ಪವೇ ತಲೆಯೆತ್ತಿ, ಕೆಲವು ಗಂಟೆಗಳಲ್ಲಿ ಮುಳುಗಿಬಿಡುತ್ತಾನೆ; ಕ್ವೀನ್ಸ್‌ಟೌನಿನಲ್ಲಿ ಅದೇ ಕಾಲಕ್ಕೆ ಅವನು ನೆತ್ತಿಯ ಸಮೀಪದವರೆಗೆ ಏರುತ್ತಾನೆ, ವರ್ಷದ ಯಾವ ರಾತ್ರಿಯೂ ಅವನಿಗೆ ಅಸ್ತಮಾನವೆಂಬುದಿಲ್ಲ. ಮೊಮ್ಮಗ ಧುಮುಕಲಿ, ನಾನು ಮೇಲೆ ನೋಡುವೆ ಎಂದು ಒಪ್ಪಂದವಾಯಿತು.

ಜೆಟ್ ದೋಣಿಯ ವಿಷಯದಲ್ಲಿ ಹೆಚ್ಚು ಚರ್ಚೆ ನಡೆಯಲಿಲ್ಲ. ದಕ್ಷಿಣದ್ವೀಪದ ಆಳವಿಲ್ಲದ ಕಲ್ಲುಹಾಸಿನ ನದಿಗಳಲ್ಲಿ ಸುತ್ತುವ ರೆಕ್ಕೆಯ ದೋಣಿಗಳು ಮುರಿದುಬೀಳುವುದನ್ನು ಕಂಡು, ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿಸಿ ಮುನ್ನುಗ್ಗುವ ದೋಣಿಯನ್ನು 1950ರ ದಶಕದಲ್ಲಿ ಹದಕ್ಕೆ ತಂದವನು ಬಿಲ್ ಹ್ಯಾಮಿಲ್ಟನ್ ಎಂಬ ಕುರಿಸಾಕಣೆಗಾರ. ಕೈಯಗಲದಷ್ಟು ನೀರಿದ್ದರೂ ಅದು ಓಡುತ್ತದೆ. ತುಂಗಭದ್ರೆಯ ಬಂಡೆಗಳ ನಡುವೆ ನಮ್ಮ ಹರಿಗೋಲು ಮಾಡುವ ಕೆಲಸವೂ ಇದೇ ಅಲ್ಲವೇ? ಹಂಪಿಯ ಅಂಬಿಗ ಪ್ರವಾಸಿಗರನ್ನು ರಂಜಿಸಲು ಹರಿಗೋಲನ್ನು ನಡುನೀರಿನಲ್ಲಿ ಬುಗುರಿಯಂತೆ ತಿರುಗಿಸುತ್ತಾನೆ. ಶಾಟೋವರ್ ನದಿಯ ಸಾರಥಿಯೂ ಕಮರಿಯ ಗೋಡೆ ಮೂಗಿಗೆ ತಗಲುವಷ್ಟು ಹತ್ತಿರ ಹೋಗಿ ಹಾಗೆಯೇ ತಿರುಗಿಸುತ್ತಾನಂತೆ. ಒಮ್ಮೆ ಹಂಪಿಯಲ್ಲಿ ತಿರುಗಿದ್ದೇನೆ, ಸಾಕು.

ನನ್ನ ಹೆಂಡತಿ ತಾನಾಗಿ ಆರಿಸಿದುದು ಒಂದನ್ನೇ: ಅರ್ನ್‌ಸ್ಲಾ ಎಂಬ ಹಬೆಯ ಹಡಗನ್ನು. 51 ಮೀಟರ್ ಉದ್ದದ ಆ ಹಡಗನ್ನು ಡ್ಯೂನಿಡಿನ್ನಿನಲ್ಲಿ ಜೋಡಿಸಿ, ಮತ್ತೆ ಬಿಡಿಬಿಡಿಯಾಗಿ ಕಳಚಿ, ತುಂಡು ತುಂಡಾಗಿ ರೈಲಿನಲ್ಲಿ ಕಿಂಗ್‌ಸ್ಟನ್ನಿಗೆ ಸಾಗಿಸಿ, ದಡದಲ್ಲಿ ಮರಳಿ ಕಟ್ಟಿ 1912ರಲ್ಲಿ ನೀರಿಗಿಳಿಸಿದರು. ದಡದ ದಾರಿಗಳಿಲ್ಲದ ಕಾಲದಲ್ಲಿ ಕುರಿ, ದನ, ಉಣ್ಣೆ, ಟಪಾಲು ಎಲ್ಲವನ್ನೂ ಹೊತ್ತ ಆ ಹಡಗು ಗಂಟೆಗೆ ಸುಮಾರು ಒಂದು ಟನ್ ಕಲ್ಲಿದ್ದಲನ್ನು ನುಂಗುತ್ತ ಇಂದಿಗೂ ಓಡುತ್ತಿದೆ. ಪ್ರಯಾಣಿಕರು ಒಳಗಿಳಿದು, ಕೆಲಸಗಾರರು ಸಲಿಕೆಯಿಂದ ಕುಲುಮೆಗೆ ಇದ್ದಲು ತುಂಬುವುದನ್ನು ಹತ್ತಿರದಿಂದ ನೋಡಬಹುದು. ನನ್ನ ಮಾವನವರು ಮೈಸೂರು–ಅರಸೀಕೆರೆ ಮೀಟರ್‌ಗೇಜಿನ ಗಾಡಿಗಳಲ್ಲಿ ಗಾರ್ಡಾಗಿದ್ದವರು. ಅವರು ಮನೆಗೆ ಬಂದು ಕೋಟು ತೂಗುಹಾಕಿದರೆ ನಡುಮನೆಯೆಲ್ಲ ಹೊಗೆಯ ವಾಸನೆ ಹರಡುತ್ತಿತ್ತೆಂದು ಅವಳು ಹೇಳುತ್ತಿರುತ್ತಾಳೆ. “ಬೆಟ್ಟ ಗಿಟ್ಟ ನೀವು ನೋಡ್ಕೊಳ್ಳಿ. ನನ್ನ ಆ ಇದ್ದಲಿನ ಹತ್ತಿರ ಕೂರಿಸಿಬಿಡಿ” ಎಂದಳು. ಪಟ್ಟಿಯಲ್ಲಿ ಅದನ್ನು ಶಾಯಿಯಿಂದ ಬರೆದೆ. ಉಳಿದುದೆಲ್ಲ ಆಗಿನ್ನೂ ಪೆನ್ಸಿಲಿನಲ್ಲಿತ್ತು.

ಕಾಲವನ್ನು ಗೊತ್ತುಮಾಡುವುದು ಸುಲಭವಾಗಿರಲಿಲ್ಲ. ಡಿಸೆಂಬರು ಜನವರಿ ಅಲ್ಲಿ ಬೇಸಿಗೆ. ಹೊತ್ತು ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ, ಕೋಣೆಗಳ ಬಾಡಿಗೆ ಮುಳುಗುವುದು ನಮ್ಮ ಪಿಂಚಣಿಯಲ್ಲಿ. ಜೂನ್ ಜುಲೈಗಳಲ್ಲಿ ಹಿಮ, ಹಿಮದ ಮೇಲೆ ಜಾರುವವರ ಜಾತ್ರೆ. ಕೊನೆಗೆ ಏಪ್ರಿಲ್ ಮಧ್ಯಭಾಗ ನಿಶ್ಚಯವಾಯಿತು. ಇಲ್ಲಿ ಮಾವು ಬೇವುಗಳು ಚಿಗುರಿ ಯುಗಾದಿ ಕಳೆದ ಕೆಲವು ದಿನಗಳಲ್ಲಿ ನಾವು ವಿಮಾನದಿಂದಿಳಿದರೆ, ಅಲ್ಲಿ ಎಲೆಗಳು ಹಳದಿಗೆ ತಿರುಗಿ ಉದುರುತ್ತಿರುತ್ತವೆ. ಒಂದೇ ಮಾಸದಲ್ಲಿ ಚಿಗುರನ್ನೂ ತರಗನ್ನೂ ನೋಡುವ ಯೋಗ.

ಆ ಹಳದಿ ಎಲೆಗಳಿಗೆ ಹೆಸರಾದ ಊರು, ಕ್ವೀನ್ಸ್‌ಟೌನಿನ ನೆರೆಯ ಆರೋಟೌನ್. ಅಲ್ಲಿಗೆ ಹೋಗಲೇಬೇಕೆಂಬುದು ನನ್ನ ಹಟವಾಗಿತ್ತು, ಎಲೆಗಳಿಗಾಗಿ ಅಷ್ಟಲ್ಲ. ನಾನು ಹುಟ್ಟಿ ಬೆಳೆದುದು ಕೋಲಾರದ ಚಿನ್ನದ ಗಣಿಗಳ ಮಗ್ಗುಲಿನ ಹಳ್ಳಿಯಲ್ಲಿ. ಸೈನೈಡ್ ದಿಬ್ಬಗಳ ಬೂದುಬಣ್ಣದ ಧೂಳು ಗಾಳಿಗೆ ಎದ್ದು ಅನ್ನದ ಮೇಲೆ ಕೂರುವುದನ್ನು ನೋಡಿದವನಿಗೆ, ಚಿನ್ನದಿಂದ ಬೆಳೆದ ಊರೆಂದರೆ ಒಳಗಿನ ಸಂಬಂಧಿಯನ್ನು ನೋಡುವ ಕುತೂಹಲ. 1860ರಲ್ಲಿ ವಿಲಿಯಂ ರೀಸ್ ಎಂಬಾತ ಕುರಿಗಳಿಗೆ ಹುಲ್ಲು ಹುಡುಕುತ್ತ ವಕಾಟಿಪುವಿಗೆ ಬಂದಾಗ ಅಲ್ಲಿ ಇಂದಿನ ಊರಿನ ಸುಳಿವಿರಲಿಲ್ಲ. 1862ರಲ್ಲಿ ಆರೋ ನದಿಯಲ್ಲಿಯೂ ಶಾಟೋವರಿನಲ್ಲಿಯೂ ಚಿನ್ನ ಸಿಕ್ಕಿತೆಂಬ ಸುದ್ದಿ ಹರಡಿ, ಕುರಿದೊಡ್ಡಿಯ ಸುತ್ತ ಡೇರೆಗಳೆದ್ದು, ಡೇರೆಗಳು ಊರಾದವು. ಐರೋಪ್ಯ ಗಣಿಗರು ಹೊಸ ಚಿನ್ನವನ್ನು ಅರಸಿ ಬೇರೆಡೆಗೆ ಚದುರಿದಾಗ, ಡ್ಯೂನಿಡಿನ್ನಿನ ವರ್ತಕರ ಆಹ್ವಾನದ ಮೇರೆಗೆ 1866ರಿಂದ ಚೀನೀ ಗಣಿಗರು ಬಂದು, ಇತರರು ಕೈಬಿಟ್ಟ ಮರಳನ್ನು ಮತ್ತೆ ಜಾಲಿಸತೊಡಗಿದರು. ಆರೋಟೌನಿನ ತೊರೆಯ ಅಂಚಿನಲ್ಲಿ ಅವರ ಕುಬ್ಜವಾದ ಕಲ್ಲುಗುಡಿಸಲುಗಳು ಇಂದಿಗೂ ಇವೆ. ಕರೆಸಿಕೊಂಡವರೇ 1881ರಲ್ಲಿ ಚೀನೀಯರ ತಲೆಗೆ 10 ಪೌಂಡ್ ಕಂದಾಯ ವಿಧಿಸಿ, 1896ರಲ್ಲಿ ಅದನ್ನು 100 ಪೌಂಡಿಗೆ ಏರಿಸಿದರು. ಅಲ್ಲಿಯ ಸರ್ಕಾರ ಇದಕ್ಕಾಗಿ ಕ್ಷಮೆ ಕೇಳಿದುದು 2002ರಲ್ಲಿ. ವೀಸಾದ ಶುಲ್ಕದ ಜೊತೆಗೆ ನಮ್ಮಂಥ ಸಂದರ್ಶಕರಿಂದ ತಲಾ 100 ಡಾಲರು ವಸೂಲು ಮಾಡುವ ಪದ್ಧತಿ ಈಗಲೂ ಉಂಟು. ಎರಡಕ್ಕೂ ಹೋಲಿಕೆಯಿಲ್ಲ, ನಾನು ಹೋಗುತ್ತಿರುವುದು ವಿನೋದಕ್ಕೆ. ಆದರೂ ಆ ಹಣ ಕಟ್ಟುವಾಗ ತಲೆತಗ್ಗಿಸಿ ನುಗ್ಗಬೇಕಾದ ಆ ಗುಡಿಸಲ ಬಾಗಿಲುಗಳ ಚಿತ್ರ ಕಣ್ಣ ಮುಂದಿತ್ತು.

ವೀಸಾ, ವಿಮೆ, ಸಿಂಗಪುರದಲ್ಲಿ ವಿಮಾನ ಬದಲಿಸುವುದು ಇವೆಲ್ಲ ಮಗಳ ಪಾಲಿನ ಕೆಲಸಗಳಾದುದರಿಂದ ಬೇಗನೆ ಮುಗಿದವು. ಮುಗಿಯದೆ ಉಳಿದುದು ಸಾಮಾನಿನ ಪ್ರಶ್ನೆ. ಹೊರಗಿನ ಕ್ರಿಮಿಕೀಟ, ಬೀಜ, ರೋಗ ಯಾವುದೂ ತಮ್ಮ ದ್ವೀಪಗಳಿಗೆ ಕಾಲಿಡದಂತೆ ಅಲ್ಲಿಯವರು ಕಾಯುವ ಕಟ್ಟೆಚ್ಚರ ನಮ್ಮ ಮಡಿಯನ್ನು ಮೀರಿಸುವಂಥದು: ತಿನ್ನುವ ಪದಾರ್ಥ ಏನೇ ಇರಲಿ ಫಾರಮ್ಮಿನಲ್ಲಿ ಬರೆದು ತೋರಿಸಬೇಕು, ಬರೆಯದೆ ಸಿಕ್ಕಿಬಿದ್ದರೆ 400 ಡಾಲರ್ ದಂಡ, ಜೇನುತುಪ್ಪಕ್ಕೆ ಪ್ರವೇಶವೇ ಇಲ್ಲ, ಚಾರಣದ ಬೂಟಿಗೆ ಮಣ್ಣು ಅಂಟಿದ್ದರೆ ತೊಳೆಸದೆ ಬಿಡುವುದಿಲ್ಲ. ಪಟ್ಟಿಯ ಮೇಲೆ ಮೂರು ತಿಂಗಳು ಕುಳಿತಿದ್ದ ಉಪ್ಪಿನಕಾಯಿಯ ಜಾಡಿ ಅಲ್ಲಿಯೇ ಉಳಿಯುವುದೆಂದು ನಿರ್ಧಾರವಾಯಿತು. ಹೆಂಡತಿ ಒಂದು ದಿನ ಮಾತಾಡಲಿಲ್ಲ.

ಅವಳು ಮೌನವಾಗಿದ್ದ ಆ ದಿನವೇ ಅಟ್ಟದ ಪೆಟ್ಟಿಗೆಯನ್ನು ಇಳಿಸಿ, ಅಜ್ಜನ ಗಳಿಗೆಬಟ್ಟಲನ್ನು ಹೊರತೆಗೆದೆ. ಅಂಗೈಯಲ್ಲಿ ಹಿಡಿಸುವ ತಾಮ್ರದ ಅರೆಗೋಳ. ತಳದಲ್ಲಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಒಂದು ತೂತು. ಹಳೆಯ ಮದುವೆಮನೆಗಳಲ್ಲಿ ಪುರೋಹಿತರು ಇದನ್ನು ನೀರಿನ ಪಾತ್ರೆಯಲ್ಲಿ ತೇಲಬಿಟ್ಟು, ತೂತಿನಿಂದ ನೀರೇರಿ ಬಟ್ಟಲು ಮುಳುಗಿದಾಗ ಒಂದು ಗಳಿಗೆಯಾಯಿತೆಂದು ಎಣಿಸುತ್ತಿದ್ದರು. ಅಡುಗೆಮನೆಯ ಸ್ಟೀಲು ಬೋಗುಣಿಗೆ ನೀರು ತುಂಬಿ ಬಟ್ಟಲನ್ನು ಮೆಲ್ಲನೆ ಬಿಟ್ಟೆ. ಅದು ಒಮ್ಮೆ ತೂಗಿ, ನಡುವಿಗೆ ಬಂದು, ನಿಂತಿತು. ತೂತಿನ ಮೇಲೆ ನೀರಿನ ಒಂದು ಮಣಿ ಉಬ್ಬಿ, ಒಡೆದು, ಹರಡಿತು. ನಾನು ಮಣೆಯ ಮೇಲೆ ಕುಳಿತು ನೋಡುತ್ತಿದ್ದೆ. ಹುರುಳಿಕಾಯಿ ಬಿಡಿಸುತ್ತಿದ್ದ ಹೆಂಡತಿಯೂ ಸ್ವಲ್ಪ ಹೊತ್ತಿಗೆ ಕೈ ನಿಲ್ಲಿಸಿ ಪಕ್ಕದಲ್ಲಿ ಬಂದು ಕುಳಿತಳು. ಹಾಲಿನವನು ಬಂದು ಹೋದ, ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿದರು. ಅಂಚು ನೀರಿಗೆ ಸಮವಾಗಿ, ಒಂದು ಕ್ಷಣ ತಡೆದು, ಬಟ್ಟಲು ಗುಳುಂಕೆಂದು ತಳಕ್ಕೆ ಇಳಿಯಿತು.

“ಎಷ್ಟಾಯ್ತು?” ಎಂದಳು, ಆ ದಿನದ ಮೊದಲ ಮಾತಾಗಿ.

26 ನಿಮಿಷ. ಅಜ್ಜನ ಕಾಲದಿಂದ ಕಟ್ಟಿಕೊಂಡ ಕಿಲುಬು ತೂತನ್ನು ಕಿರಿದುಮಾಡಿರಬೇಕು, ಬಟ್ಟಲು ಎರಡು ನಿಮಿಷ ಸೋಮಾರಿಯಾಗಿದೆ. ಸರೋವರದ ತಣ್ಣೀರಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು ಹಿಡಿದೀತು. ಅಲ್ಲಿ ಒಂದು ಬಕೀಟಿನಲ್ಲಿ ವಕಾಟಿಪುವಿನ ನೀರನ್ನೇ ತುಂಬಿ ಇದನ್ನು ತೇಲಬಿಟ್ಟು, ದಡದ ಕಲ್ಲೊಂದಕ್ಕೆ ಸೀಮೆಸುಣ್ಣದ ಗುರುತು ಹಾಕಿ, ನೀರು ಏರಿ ಇಳಿಯುವುದನ್ನು ಕಾಯುತ್ತೇನೆಂದು ಅವಳಿಗೆ ಹೇಳಿದೆ. ಪರದೆಯಾಚೆಯಿಂದ ಇದನ್ನು ಕೇಳಿದ ಮೊಮ್ಮಗ ಮೂರನೆಯ ದಿನದ ಗಾಲಿಬಂಡಿಯನ್ನು ಹೊಡೆದುಹಾಕಿ, ಆ ಜಾಗದಲ್ಲಿ ತನ್ನ ಸೊಟ್ಟ ಕನ್ನಡದಲ್ಲಿ “ತಾತನ ಗಳಿಗೆ” ಎಂದು ಬರೆದು ಕಳುಹಿಸಿದ. ಗಡಿಯಾರ ಹಿಡಿಯುವ ಕೆಲಸ ತನ್ನದೆಂದೂ ಸೇರಿಸಿದ್ದ.

ಹೆಂಡತಿ ಬಟ್ಟಲನ್ನು ಒರೆಸುತ್ತ, “ಹುಣಸೆಹಣ್ಣು ಹಾಕಿ ಉಜ್ಜಿಬಿಡ್ಲೇನ್ರೀ? ಫಳಫಳ ಅನ್ನುತ್ತೆ, ಟೈಮೂ ಸರಿಹೋಗುತ್ತೆ” ಎಂದಳು. ಬೇಡವೆಂದೆ, ಸರೋವರದ ಲೆಕ್ಕಕ್ಕೆ ಹೊಂದುವುದು ಈ ಕಿಲುಬೇ. ಅವಳು ಅದನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ನಾಲ್ಕನೆಯ ಸ್ವೆಟರಿನ ಮಡಿಕೆಯೊಳಗೆ ಇಟ್ಟು, ಮತ್ತೆ ಹೊರತೆಗೆದು ಮೂಸಿ ನೋಡಿ, “ಇದನ್ನೂ ಆ ಫಾರಮ್ಮಿನಲ್ಲಿ ಬರೀಬೇಕಾ?” ಎಂದು ಕೇಳಿದಳು.